ಖಾತೆಯಲ್ಲಿ ಕಂಡ ಒಂದು ಸಂಸಾರ

ನಮ್ಮ ಮನೆತನದಲ್ಲಿ ನಾಲ್ಕೈದು ತಲೆಗಳ ಹಿಂದೆ ಒಕ್ಕಲುತನ ಮಾಡಿಕೊಂಡಿದ್ದ ಗಂಡ ಹೆಂಡಿರ ವಿಚಾರವಾಗಿ ನಾವು ಚಿಕ್ಕಂದಿನಿಂದ ಒಂದು ಕಥೆಯನ್ನು ಕೇಳುತ್ತ ಬಂದಿದ್ದೇವೆ. ಯಜಮಾನನು ಧಾತು ಸಂವತ್ಸರದ ಬರದಲ್ಲಿ ತೀರಿಹೋದನು; ಮಕ್ಕಳು ಎಳೆಯವು; ಯಜಮಾನನ ತಮ್ಮನು ಹೊಲವನ್ನು ಕೈಬಿಡದೆ ಕಾಪಾಡಿ ಅಣ್ಣನ ಮಕ್ಕಳಿಗೆ ಒಪ್ಪಿಸಿದನು. ಇಷ್ಟೇ ಕಥೆ. ಇದರಲ್ಲಿ ಹೆಂಡತಿಗೆ ಕೆಲಸವೂ ಇಲ್ಲ, ಹೆಸರೂ ಇಲ್ಲ. ಇದು ಎಷ್ಟರಮಟ್ಟಿಗೆ ನಿಜವೆಂದು ತಿಳಿಯುವ ಕುತೂಹಲದಿಂದ ನಾವು ಎರಡು ಬೇಸಗೆಯ ರಜಗಳನ್ನು ಹಳೆಯ ಕಾಗದಪತ್ರಗಳಲ್ಲಿ ಕಳೆದೆವು.

ಮೊದಲು ಕೈಹಾಕಿದ್ದು ಖಾನೇಷುಮಾರಿಗೆ. ಇಂಗ್ಲೆಂಡಿನಲ್ಲಿ 1841ರಿಂದ ಮೊದಲುಗೊಂಡು ಮನೆಮನೆಯ ಹೆಸರುಪಟ್ಟಿಗಳು ಬಹುಮಟ್ಟಿಗೆ ಉಳಿದಿವೆ. ನೂರು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ಇಂಗ್ಲಿಷ್ ಪುಸ್ತಕಗಳನ್ನು ಓದಿ ಬೆಳೆದ ನಾವು ಇಲ್ಲಿಯೂ ಹಾಗೆಯೇ ಇರಬಹುದೆಂದು ಎಣಿಸಿದ್ದು ನಮ್ಮ ತಪ್ಪು. ನಮ್ಮಲ್ಲಿ ಲೆಕ್ಕ ಕೂಡಿಸಿಯಾದ ಮೇಲೆ ಮನೆಯ ಪಟ್ಟಿಗಳನ್ನು ಇಟ್ಟುಕೊಳ್ಳಲಿಲ್ಲ. ಮೊತ್ತಗಳು ಮಾತ್ರ ಉಳಿದವು. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50,55,412 ಜನ, 1881ರಲ್ಲಿ 41,86,188. ನಡುವೆ 1876ರಿಂದ 78ರವರೆಗಿನ ಮಹಾ ಕ್ಷಾಮ. ಎಂಟು ಲಕ್ಷ ಅರವತ್ತೊಂಬತ್ತು ಸಾವಿರಕ್ಕೆ ಮೇಲ್ಪಟ್ಟ ಈ ಇಳಿತದಲ್ಲಿ ಸತ್ತವರೂ ದೇಶಬಿಟ್ಟವರೂ ಕೂಡಿದ್ದಾರೆ. ಮೊದಲನೆಯ ಮೊತ್ತದಲ್ಲಿ ನಮ್ಮ ದಂಪತಿಗಳು ಇಬ್ಬರು; ಎರಡನೆಯದರಲ್ಲಿ ಆಕೆಯೊಬ್ಬಳು. ಖಾನೇಷುಮಾರಿಯಿಂದ ನಮಗೆ ದೊರೆತದ್ದು ಇದಕ್ಕಿಂತ ಹೆಚ್ಚಲ್ಲ.

ಭೂಮಿಯ ಲೆಕ್ಕ ಹಾಗಲ್ಲ. ಕಂದಾಯ ಕೊಡತಕ್ಕವನು ಯಾರೆಂಬುದನ್ನು ಯಾವ ಸರ್ಕಾರವೂ ಮರೆಯುವುದಿಲ್ಲವಷ್ಟೆ. ನಮ್ಮೂರಿನ ಶಾನುಭೋಗರ ಮನೆಯ ಅಟ್ಟದಲ್ಲಿ ಕೆಲವು ಕಡತಗಳಿದ್ದುವು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆದವು. ಅವುಗಳಲ್ಲೊಂದರಲ್ಲಿ ಯಜಮಾನನ ಹೆಸರು, ಎದುರಿಗೆ ಯುವ ಸಂವತ್ಸರ. ಧಾತುವಿಗೆ ಹಿಂದಿನ ವರ್ಷವೇ ಯುವ. ಆದಕಾರಣ ಇದು 1875 ಎಂದು ಹಿಗ್ಗಿದೆವು. ಆದರೆ ಹೊಲದ ಅಳತೆಯನ್ನು ಎಕರೆ ಗುಂಟೆಗಳಲ್ಲಿ ಹೇಳದೆ ಇಷ್ಟು ಕೊಳಗ ಬೀಜವರಿ ಎಂದು ಬರೆದಿತ್ತು. ಸಂವತ್ಸರಗಳಾದರೋ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರತಕ್ಕವು. ಅದು 1815ರ ಯುವ. ನಾವು ಕಂಡದ್ದು ಯಜಮಾನನನ್ನಲ್ಲ, ಅದೇ ಹೆಸರಿನ ಅವನ ಅಜ್ಜನನ್ನು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿ ಎಷ್ಟು ಚೆನ್ನಾದುದಾದರೂ ಹುಡುಕುವವನಿಗೆ ಬಲು ತೊಡಕಿನದು.

ಸಂಸ್ಥಾನದಲ್ಲಿ ಸರ್ವೆಯ ಕೆಲಸ 1863ರಲ್ಲಿ, ಬೊಂಬಾಯಿಯ ಪದ್ಧತಿಯನ್ನನುಸರಿಸಿ ಆರಂಭವಾಯಿತು. ಮೂವತ್ತಮೂರು ಅಡಿಯ ಸರಪಣಿ. ಅಷ್ಟೇ ಉದ್ದ, ಅಷ್ಟೇ ಅಗಲದ ನೆಲ ಒಂದು ಗುಂಟೆ. ನಾಲ್ವತ್ತು ಗುಂಟೆ ಒಂದು ಎಕರೆ. ಹೊಲಕ್ಕೆ ನಂಬರು ಬಿತ್ತು, ನಂಬರಿಗೆ ಒಬ್ಬ ಖಾತೆದಾರನು ಬಂದನು. ಕಂದಾಯ ಸಲ್ಲಿಸುತ್ತಿರುವವರೆಗೆ ಭೂಮಿ ಅವನ ಸ್ವಾಧೀನ. ಬೇಡವಾದರೆ ರಾಜೀನಾಮೆ ಬರೆದುಕೊಟ್ಟು ಬಿಡಬಹುದು. ಹಾಗೆ ಬಿಟ್ಟುದನ್ನು ಇನ್ನೊಬ್ಬರು ಕಬೂಲಾಯಿತಿ ಬರೆದುಕೊಟ್ಟು ಹಿಡಿಯಬಹುದು. ಬರಕ್ಕೆ ಕೆಲವು ವರ್ಷ ಮೊದಲೇ ನಮ್ಮ ಹಳ್ಳಿಗೆ ಸರಪಣಿ ಬಂದಿದ್ದುದು ನಮ್ಮ ಪುಣ್ಯ. ತಾಲ್ಲೂಕು ಕಚೇರಿಯ ಹಳೆಯ ಪುಸ್ತಕದಲ್ಲಿ ಅಣ್ಣತಮ್ಮಂದಿರಿಬ್ಬರೂ ಪಕ್ಕಪಕ್ಕದ ನಂಬರುಗಳ ಖಾತೆದಾರರು. ಇವನು ಇಂಥವನ ಬಿನ್, ಅವನೂ ಅದೇ ತಂದೆಯ ಬಿನ್. ಹೆಂಡಂದಿರ ಸುಳಿವು ಎಲ್ಲಿಯೂ ಇಲ್ಲ. ಬಿತ್ತಿದವರು, ಕಳೆ ಕಿತ್ತವರು, ಬೀಸಿದವರು ಅವರೇ ಆಗಿದ್ದರೂ ಇಲ್ಲ.

ಬರದ ಮರುವರ್ಷಗಳ ಪುಟವನ್ನು ತಿರುವಿದಾಗ ಯಜಮಾನನ ಹೆಸರಿನ ಮೇಲೆ ಗೀಟು ಬಿದ್ದಿತ್ತು. ಪಕ್ಕದಲ್ಲಿ ಮೂರಕ್ಷರದ ಒಂದು ಹೆಸರು, ಆಮೇಲೆ 'ಕೋಂ', ಆಮೇಲೆ ಅವನ ಹೆಸರು. ಗಂಡನು ಬದುಕಿರುವವರೆಗೆ ಯಾವ ಲೆಕ್ಕಕ್ಕೂ ಬಾರದಿದ್ದವಳು ಅವನು ಹೋದ ಮೇಲೆ ಒಂದು ಗೀಟಿನ ಪಕ್ಕದಲ್ಲಿ ಬಂದು ನಿಂತಿದ್ದಳು. ನಾವು ಆ ಹೆಸರನ್ನು ಬಾಯಿಬಿಟ್ಟು ಓದಿದೆವೆಂದು ಕಾಣುತ್ತದೆ. ಗುಮಾಸ್ತರು ತಲೆಯೆತ್ತಿ ನೋಡಿದರು.

ತಮ್ಮನ ನಂಬರಿಗೆ ಏನಾಯಿತೆಂಬುದೂ ಅಲ್ಲಿಯೇ ತಿಳಿಯಿತು. ಅವನು ಈಶ್ವರ ಸಂವತ್ಸರದಲ್ಲಿ, ಎಂದರೆ 1877ರ ಯುಗಾದಿಯಿಂದ ಈಚೆಗೆ, ತನ್ನ ಹೊಲಕ್ಕೆ ರಾಜೀನಾಮೆ ಕೊಟ್ಟಿದ್ದನು. ಆಮೇಲೆ ಅವನ ಹೆಸರು ಆ ಊರಿನ ಲೆಕ್ಕದಲ್ಲಿಲ್ಲ. ಅವನನ್ನು ಹಳಿಯಲು ನಮಗೆ ಮನಸ್ಸು ಬಾರದು. ಗಂಜಿಯ ಮನೆಯನ್ನು ಹುಡುಕಿಕೊಂಡು ಹೋದನೋ, ಕೂಲಿಗಾಗಿ ಹೋದನೋ. ಆ ವರ್ಷ ಊರು ಬಿಟ್ಟವರು ಅವನೊಬ್ಬನೇ ಅಲ್ಲ. ಆದರೆ ಹೊಲವನ್ನು ಕಾಪಾಡಿದವನು ಅವನಲ್ಲ. ಅವನು ಬಿಟ್ಟ ನಂಬರಿಗೆ ಮೂರು ವರ್ಷದ ಮೇಲೆ ಒಂದು ಕಬೂಲಾಯಿತಿ ಇದೆ. ಬರೆದುಕೊಟ್ಟವರು ಅದೇ ಮೂರಕ್ಷರದ ಹೆಸರಿನವರು. ಕೆಳಗೆ ರುಜುವಿಲ್ಲ, ಬಳೆಯಂತೆ ದುಂಡಗಿನ ಒಂದು ಗುರುತಿದೆ.

ಇದನ್ನು ನಾವು ನಕಲು ಮಾಡಿಕೊಂಡು ಹೋಗಿ, ಆ ಕಥೆಯನ್ನು ನಮಗೆ ನೂರು ಸಲ ಹೇಳಿದ್ದ ದೊಡ್ಡಪ್ಪನವರಿಗೆ ಓದಿ ಹೇಳಿದೆವು. ಅವರು ಹೆಸರನ್ನು ಎರಡು ಸಲ ಓದಿಸಿದರು. ಆಮೇಲೆ, "ಹಾಗಾದರೆ ಮೂಡಲ ಹೊಲ ಆಕೆ ಹಿಡಿದದ್ದೇನಪ್ಪಾ?" ಎಂದು ಕೇಳಿದರು.