ಮಾತಿನ ಋಣ



ನಿನ್ನೆ ಮೌನದ ಮಹಿಮೆಯನ್ನು ಕೇಳಿದಿರಿ. ಮಾತು ಕಡಿಮೆಯಾದಷ್ಟೂ ಮನಸ್ಸು ತಿಳಿಯಾಗುತ್ತದೆ ಎಂದೆವು. ಅದನ್ನು ಕೇಳಿಕೊಂಡು ಹೋದ ತಾಯಿಯೊಬ್ಬಳು ಈ ಹೊತ್ತು ಮುಂಜಾನೆ ಬಂದು, "ಅಪ್ಪಾರ, ನಮ್ಮ ಮನ್ಯಾಗ ಎಲ್ಲಾರೂ ಮೌನಿಗಳs ಅದಾರ್ರಿ, ಖರೇ ಹೇಳೂ ಹೊತ್ತು ಬಂದಾಗ ಮಾತ್ರ" ಅಂದಳು. ನಗಬೇಡಿ. ನಿನ್ನೆಯ ಪ್ರವಚನದಲ್ಲಿ ಬಿಟ್ಟುಹೋದದ್ದನ್ನು ಆ ತಾಯಿ ಎತ್ತಿಕೊಟ್ಟಳು. ಶಿವಯೋಗಿಯ ಮೌನ ಒಂದು. ಬಾಯಿಯವರೆಗೆ ಬಂದ ಸತ್ಯವನ್ನು ನುಂಗಿ ಕುಳಿತವನ ಮೌನ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರ ಕಾಣುತ್ತವೆ; ಒಳಗೆ ಒಂದು ತಂಪು, ಒಂದು ಕೆಂಡ.

ಅನ್ನದ ಋಣ, ಹಣದ ಋಣ ನಮಗೆ ನೆನಪಿರುತ್ತದೆ. ಕಷ್ಟದಲ್ಲಿ ನೂರು ರೂಪಾಯಿ ಕೊಟ್ಟವನಿಗೆ ಸುಗ್ಗಿ ಬಂದಾಗ ಎಣಿಸಿ ಕೊಡುತ್ತೇವೆ, ಮೇಲೊಂದು ಟೆಂಗಿನಕಾಯಿಯನ್ನೂ ಇಡುತ್ತೇವೆ. ಆದರೆ ಅದೇ ಮನುಷ್ಯನ ಮೇಲೆ ನಾಲ್ಕು ಮಂದಿಯ ನಡುವೆ ಸುಳ್ಳು ಅಪವಾದ ಬಂದಾಗ ಅವನಿಗೆ ಸಲ್ಲಬೇಕಾದದ್ದು ಒಂದು ಮಾತು. ಅದನ್ನು ಯಾರು ಲೆಕ್ಕದಲ್ಲಿ ಬರೆದಿಟ್ಟಿದ್ದೇವೆ?

ಇಲ್ಲೊಂದು ಸಂಶಯ ಬರಬಹುದು. ಉಪಕಾರ ಮಾಡಿದವನು ತಪ್ಪು ಮಾಡಿದರೂ ಅವನ ಪರವಾಗಿಯೇ ನಿಲ್ಲಬೇಕೇ? ಕುರುಸಭೆಯನ್ನು ನೆನೆಯಿರಿ. ದ್ರೌಪದಿ ಪ್ರಶ್ನೆ ಕೇಳಿದಳು. ಶಸ್ತ್ರ ಬಲ್ಲವರು, ಶಾಸ್ತ್ರ ಬಲ್ಲವರು ಅಲ್ಲಿದ್ದರು. ದ್ರೋಣರು ಕುಳಿತರು, ಕೃಪರು ಕುಳಿತರು. ಧರ್ಮ ಬಹಳ ಸೂಕ್ಷ್ಮ ಎಂದು ಭೀಷ್ಮರು ತೊಡಕಿನ ಮಾತಾಡಿದರು. ಮುಂದೆ ಯುದ್ಧದ ಮೊದಲು ಧರ್ಮರಾಯ ಬಂದು ನಮಸ್ಕರಿಸಿದಾಗ, ತಾನು ಕೌರವರ ಅರ್ಥಕ್ಕೆ ಕಟ್ಟುಬಿದ್ದವನು ಎಂದು ಅದೇ ಭೀಷ್ಮರು ಒಪ್ಪಿಕೊಂಡರು. ನೋಡಿ, ಅನ್ನದ ಋಣವೇ ಅಲ್ಲಿ ಬಾಯಿಗೆ ಬೀಗವಾಯಿತು. ವಿದುರ ಮಾತಾಡಿದ. ಅವನ ಜೊತೆಗೆ ಎದ್ದು ನಿಂತವನು ದುರ್ಯೋಧನನ ಒಡಹುಟ್ಟಿದ ತಮ್ಮ, ವಿಕರ್ಣ. ಅವನೂ ಅದೇ ಅರಮನೆಯ ಅನ್ನ ಉಂಡವನೇ! ಕರ್ಣ ಅವನನ್ನು ಹುಡುಗನೆಂದು ಗದರಿಸಿ ಕೂಡಿಸಿದ. ಯುದ್ಧದಲ್ಲಿ ಪ್ರತಿಜ್ಞೆಗೆ ಕಟ್ಟುಬಿದ್ದು ಅವನನ್ನು ಕೊಂದ ಭೀಮನೇ ಅವನಿಗಾಗಿ ಮರುಗಿದ. ಆದ್ದರಿಂದ ಉಪಕಾರಿಯ ಸುಳ್ಳನ್ನು ಹೊರಬೇಕೆಂದು ನಾವು ಹೇಳುತ್ತಿಲ್ಲ. ಅವನ ವಿಷಯದಲ್ಲಿ ನಿಮಗೆ ಗೊತ್ತಿರುವ ನಿಜ ಒಂದಿದೆಯಲ್ಲ, ಅದನ್ನು ನುಂಗಬೇಡಿ, ಅಷ್ಟೇ.

ಏಸುಸ್ವಾಮಿಯ ಶಿಷ್ಯ ಪೇತ್ರ ಮೀನು ಹಿಡಿಯುವವನು. ಅವನ ಅತ್ತೆ ಜ್ವರದಿಂದ ಮಲಗಿದ್ದಾಗ ಗುರು ಅವನ ಮನೆಗೆ ಹೋಗಿ ಗುಣಪಡಿಸಿದ್ದ. ಅಂಥ ಗುರುವನ್ನು ಹಿಡಿದೊಯ್ದ ರಾತ್ರಿ ಪೇತ್ರ ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದ. ಒಬ್ಬ ದಾಸಿ ಬಂದು, ನೀನೂ ಅವನ ಕಡೆಯವನಲ್ಲವೇ ಎಂದಳು. ಕೇಳಿದವಳು ರಾಜನಲ್ಲ, ಸೇನಾಪತಿಯಲ್ಲ, ಒಬ್ಬ ಆಳುಮಗಳು! ಅವನು ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಹೇಳಿದ. ಕೋಳಿ ಕೂಗಿತು. ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಅಳುವುದಕ್ಕೂ ಪುಣ್ಯ ಬೇಕು. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಎಂಬ ಪಂಡಿತನ ಹೆಸರನ್ನು ಓದಿದವರು ಕೇಳಿರುತ್ತೀರಿ. ಅವನು ತರುಣನಿದ್ದಾಗ ಎಸೆಕ್ಸ್ ಎಂಬ ಸರದಾರ ಅವನಿಗೊಂದು ದೊಡ್ಡ ಹುದ್ದೆ ಕೊಡಿಸಲು ಎಲಿಜಬೆತ್ ರಾಣಿಯ ಬಳಿ ಬಹಳ ಒದ್ದಾಡಿದ. 1594ರಲ್ಲಿ ಅದು ಬೇರೆಯವರ ಪಾಲಾಯಿತು. ಆಗ ಆ ಸರದಾರ, ನನ್ನನ್ನು ನಂಬಿ ನಿನಗೆ ನಷ್ಟವಾಯಿತು ಎಂದು ತನ್ನ ಸ್ವಂತ ಭೂಮಿಯನ್ನೇ ಅವನಿಗೆ ಬರೆದುಕೊಟ್ಟ. ಬೇಕನ್ ಅದನ್ನು ಮುಂದೆ 1800 ಪೌಂಡಿಗೆ ಮಾರಿಕೊಂಡ. 1601ರಲ್ಲಿ ಎಸೆಕ್ಸ್ ರಾಣಿಯ ವಿರುದ್ಧ ದಂಗೆಯೆದ್ದು ಸಿಕ್ಕಿಬಿದ್ದ. ಅವನ ತಪ್ಪು ನಿಜ, ಅದನ್ನು ಮುಚ್ಚಬೇಕಾಗಿರಲಿಲ್ಲ. ಆದರೆ ವಿಚಾರಣೆಯಲ್ಲಿ ಅವನ ವಿರುದ್ಧ ಎದ್ದು ವಾದಿಸಿದವರಲ್ಲಿ ಬೇಕನ್ ಒಬ್ಬ! ಫೆಬ್ರುವರಿ 19ಕ್ಕೆ ವಿಚಾರಣೆ, 25ಕ್ಕೆ ತಲೆ ಹೋಯಿತು. ಜನ ಛೀ ಎಂದರು. ಬೇಕನ್ ಏನು ಮಾಡಿದ? 1604ರಲ್ಲಿ ಸಮರ್ಥನೆಯ ಪುಸ್ತಕ ಬರೆದ. ಬುದ್ಧಿವಂತರ ಕಷ್ಟ ಇದು, ಅವರಿಗೆ ಕಣ್ಣೀರಿಗಿಂತ ಮೊದಲು ಕಾರಣಗಳು ಬರುತ್ತವೆ. ನಮ್ಮೂರಲ್ಲೇನು ಕಡಿಮೆಯೇ? "ಆಗ ಪರಿಸ್ಥಿತಿ ಹಾಗಿತ್ತು" ಎನ್ನುವ ಒಂದು ಮಾತು ಎಷ್ಟು ಮನೆಗಳ ಸಮರ್ಥನೆಯ ಪುಸ್ತಕವಾಗಿದೆ!

ಮಠಕ್ಕೆ ಬರುವ ಹಿರಿಯ ವರ್ತಕರೊಬ್ಬರ ಸಂಗತಿ ಹೇಳುತ್ತೇವೆ. ಅವರ ಒಪ್ಪಿಗೆ ಪಡೆದಿದ್ದೇವೆ, ಹೆಸರು ಬೇಡ. ಚಿಕ್ಕಂದಿನಲ್ಲಿ ತಂದೆತಾಯಿ ಇಲ್ಲದ ಹುಡುಗ. ಒಂದು ಅಡತಿ ಅಂಗಡಿಯಲ್ಲಿ ಕಸ ಹೊಡೆಯಲು ಸೇರಿದ. ಅಲ್ಲಿಯ ಕಾರಕೂನರು ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟರು, ರಾತ್ರಿ ಕಂದೀಲಿನ ಬೆಳಕಿನಲ್ಲಿ ಕೀರ್ದಿ ಬರೆಯುವುದನ್ನು ಕಲಿಸಿದರು. ಕೆಲವು ವರ್ಷಗಳ ಮೇಲೆ ತಿಜೋರಿಯಲ್ಲಿ ಹಣ ಕಡಿಮೆ ಬಿತ್ತು. ಒಯ್ದವನು ಸಾವುಕಾರನ ಅಳಿಯ. ಹುಡುಗ ಕಣ್ಣಾರೆ ಕಂಡಿದ್ದ. ಅಪವಾದ ಕಾರಕೂನರ ಮೇಲೆ ಬಂತು. "ನಿನಗೇನಾರ ಗೊತ್ತೈತೇನೋ?" ಎಂದು ಸಾವುಕಾರ ಎಲ್ಲರೆದುರು ಕೇಳಿದ. ಹುಡುಗ ನೆಲ ನೋಡಿದ. ಕಾರಕೂನರು ಕೊಡೆ ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಮತ್ತೆ ಯಾವ ಅಂಗಡಿಯವರೂ ಅವರನ್ನು ಕರೆಯಲಿಲ್ಲ.

ಹುಡುಗ ದೊಡ್ಡವನಾದ, ಸ್ವಂತ ಅಂಗಡಿ ಹಾಕಿದ, ಶಿವ ಕೊಟ್ಟ. ಕಾರಕೂನರು ತೀರಿಕೊಂಡ ಸುದ್ದಿ ಬಂದಮೇಲೆ ನಿದ್ರೆ ಹೋಯಿತು. ನಮ್ಮ ಬಳಿ ಬಂದು, ಅವರ ಹೆಸರಿನಲ್ಲಿ ಒಂದು ದಾಸೋಹ ಮಾಡಿಸುತ್ತೇನೆ ಎಂದರು. ದಾಸೋಹ ಆಮೇಲೆ, ಮೊದಲು ಆ ಮನೆಗೆ ಹೋಗಿ ಬನ್ನಿ ಎಂದೆವು. ಅವರಿಗೆ ಅದೇ ಕಠಿಣವಾಯಿತು. ಸಾವಿರ ಮಂದಿಗೆ ಉಣಬಡಿಸುವುದು ಸುಲಭ, ಒಂದು ಹೊಸ್ತಿಲು ದಾಟುವುದು ಕಷ್ಟ.

ಹೋದರು. ಮುದುಕಿ ಗುರುತು ಹಿಡಿದು, "ಬಾ ತಮ್ಮಾ" ಅಂದಳು. ಇವರು ಅಳುತ್ತ ಎಲ್ಲವನ್ನೂ ಹೇಳಿದರು. ಆಕೆ ಹೇಳಿದ್ದು ಇಷ್ಟು: "ಅವತ್ತ ಮನೀಗೆ ಬಂದು ಅವರs ಹೇಳಿದ್ರಪ್ಪಾ. ಹುಡುಗನ ಕಾಲು ನಡಗತಿದ್ದೂ, ಪಾಪ, ಅದಕ್ಕ ಹೊರಗ ಹಾಕಿದ್ರ ಯಾರದಾರ ಅಂದ್ರು. ನಿನ್ನ ಮ್ಯಾಲೆ ಅವರಿಗೆ ಸಿಟ್ಟಿರಲಿಲ್ಲ. ಆದ್ರ ನನಗ ಹೇಳಿ ಏನ್ ಮಾಡ್ತಿ? ನನಗ ಗೊತ್ತೈತಿ. ಪ್ಯಾಟ್ಯಾಗಿನ ಮಂದಿಗೆ ಗೊತ್ತಿಲ್ಲ."

ಆ ವರ್ಷದ ಜಾತ್ರೆಯಲ್ಲಿ ವರ್ತಕರೆಲ್ಲ ಕೂಡಿದ ಸಭೆಯಲ್ಲಿ ಅವರು ಎದ್ದು ನಿಂತು ಹೇಳಿದರು. ಸಾವುಕಾರನ ಮನೆತನದವರು ಸಿಟ್ಟಾಗಿ ಎದ್ದು ಹೋದರು; ಆ ಮನೆಯ ಜೊತೆಗಿನ ವ್ಯವಹಾರ ಇಂದಿಗೂ ಕೂಡಿಲ್ಲ. ಹಳೆಯದನ್ನು ಯಾಕೆ ಕೆದಕಬೇಕಿತ್ತು ಎಂದವರೂ ಇದ್ದರು. ಕಾರಕೂನರ ಮಗ ಮಾತ್ರ ಹಿಂದೆ ಕಂಬಕ್ಕೆ ಒರಗಿ ನಿಂತು ಕೇಳಿದ. ಸಭೆ ಮುಗಿದಮೇಲೆ ಇವರ ಬಳಿ ಬಂದು, "ಇನ್ನೊಮ್ಮೆ ಹೇಳ್ರಿ, ನನ್ನ ಮಗನ್ನ ಕರಕೊಂಡು ಬರ್ತೀನಿ" ಅಂದ. ಇವರು ಮತ್ತೊಮ್ಮೆ ಹೇಳಿದರು.

ಹೊತ್ತಾಯಿತು. ಪ್ರಸಾದ ಸಿದ್ಧವಿದೆ, ದೂರದ ಊರುಗಳಿಂದ ಬಂದವರನ್ನು ಮೊದಲು ಕೂಡಿಸಿರಿ.