ಅತಿವಿಷ ಎಂಬ ಮದ್ದಿನ ಗಿಡ

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಒಂದು ಬೇರಿನ ಕತೆ ಹೇಳ್ತೀನಿ. ಗ್ರಂಧಿಗೆ ಅಂಗಡಿಯಲ್ಲಿ ಇದನ್ನು ಅತಿವಿಷ ಅಂತಾರೆ. ಅತಿಬಜೆ ಅಂತಲೂ ಕರೀತಾರೆ. ಕೂಸಿಗೆ ಹೊಟ್ಟೆ ಕೆಟ್ಟರೆ, ಜ್ವರ ಬಂದರೆ ಹಿಂದಿನವರು ಇದನ್ನು ತೇಯ್ದು ಕೊಡ್ತಿದ್ದರು. ಆಯುರ್ವೇದ ವೈದ್ಯರು ಮಕ್ಕಳಿಗೆ ಬಾಲಚತುರ್ಭದ್ರ ಚೂರ್ಣ ಕೊಡುತ್ತಾರೆ. ಅದರಲ್ಲಿ ನಾಲ್ಕು ಸಾಮಾನು ಇರುತ್ತವೆ. ಈ ಬೇರೂ ಒಂದು.

ಹೆಸರಲ್ಲೇ ವಿಷ ಇದೆಯಲ್ಲ, ಮಕ್ಕಳಿಗೆ ಹೇಗೆ ಕೊಡೋದು? ಹೀಗಂತ ನೀವು ಕೇಳಬಹುದು. ಕೇಳಲೇಬೇಕಾದ ಮಾತು ಅದು. ಅತಿವಿಷದ ಬೇರು ಬಲು ಕಹಿ. ಆದರೆ ಕೊಲ್ಲುವ ವಿಷ ಅದಲ್ಲ. ಕೊಲ್ಲುವುದು ಅದರ ದಾಯಾದಿ ವತ್ಸನಾಭಿ. ವತ್ಸನಾಭಿ ಅಂದರೆ ಕರುವಿನ ಹೊಕ್ಕುಳು. ಹೆಸರು ಎಷ್ಟು ಮುದ್ದಾಗಿದೆ ನೋಡಿ! ಶುದ್ಧಿ ಮಾಡದ ಆ ಬೇರು ಒಂದೆರಡು ಗ್ರಾಂ ಹೊಟ್ಟೆಗೆ ಹೋದರೂ ಜೀವ ಹೋಗಬಹುದು. ತುಟಿ, ನಾಲಿಗೆ ಜೋಮು ಹಿಡಿಯುತ್ತದೆ. ಎದೆ ಬಡಿತ ತಪ್ಪುತ್ತದೆ. ಆಗ ಮನೆ ಮದ್ದು ಮಾಡುತ್ತಾ ಕೂರಬಾರದು. ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಬೇಕು. ಹೆಸರು ಇಟ್ಟವರು ಅದಲು ಬದಲು ಮಾಡಿಬಿಟ್ಟರೇನೋ ಅಂತ ನನಗೆ ಅನ್ನಿಸುತ್ತದೆ.

ಎರಡೂ ಗಡ್ಡೆಯಂಥ ಬೇರುಗಳೇ. ಒಣಗಿದ ಮೇಲೆ ನಮ್ಮಂಥವರಿಗೆ ಗುರುತು ಸಿಗೋದು ಕಷ್ಟ. ರುಚಿ ನೋಡಿ ತಿಳಿಯುತ್ತೇನೆ ಅನ್ನಬೇಡಿ. ಈಗ ನಿಮಗೆ ಓದಲು ಬರುತ್ತದೆ. ಪೊಟ್ಟಣದ ಮೇಲಿನ ಹೆಸರು ಓದಿ. ಹೆಸರಿಲ್ಲದ ಪೊಟ್ಟಣ ಮನೆಗೆ ತರಬೇಡಿ. ವೈದ್ಯರನ್ನು ಕೇಳದೆ ಕೂಸಿನ ಬಾಯಿಗೆ ಹಾಕಬೇಡಿ. ಭೇದಿ ಆದ ಮಗುವಿಗೆ ಮೊದಲು ಬೇಕಾದದ್ದು ಓ.ಆರ್.ಎಸ್. ನೀರು. ಬೇರು ಗೀರು ಆಮೇಲೆ.

ಈ ಗಿಡ ಎಲ್ಲಿಯದು? ಹಿಮಾಲಯದ್ದು. ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಎತ್ತರದ ಹುಲ್ಲುಗಾವಲಿನಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿಯವರು ಅತೀಸ್ ಅಂತಾರೆ. ಚಳಿ ದೇಶಗಳಲ್ಲಿ ಬಟರ್‌ಕಪ್ ಅಂತ ಹಳದಿ ಹೂವಿನ ಕಾಡು ಗಿಡ ಇದೆ. ಅತಿವಿಷ ಆ ಕುಲಕ್ಕೆ ಸೇರಿದ್ದು. ಕರಿಜೀರಿಗೆಯೂ ಅದೇ ಕುಲ. ಆದರೆ ಅತಿವಿಷದ ಹೂವು ಹಳದಿಯಲ್ಲ. ನೀಲಿ ಹಸಿರು ಬಣ್ಣ, ಮೇಲೆ ನೇರಳೆ ಗೆರೆ. ತಲೆಗೆ ಮುಸುಕು ಹಾಕಿಕೊಂಡ ಹಾಗೆ ಇರುತ್ತದೆ.

ಮಣ್ಣಿನೊಳಗೆ ಎರಡು ಗಡ್ಡೆ ಜೋಡಿಯಾಗಿ ಇರುತ್ತವೆ. ಒಂದು ತಾಯಿ, ಒಂದು ಮಗಳು. ತಾಯಿ ಗಡ್ಡೆ ಈ ವರ್ಷದ ಗಿಡಕ್ಕೆ ತನ್ನ ಸಾರವೆಲ್ಲ ಕೊಟ್ಟು ಸೊರಗುತ್ತದೆ. ಮಗಳು ಗಡ್ಡೆ ಹಿಮದ ಕೆಳಗೆ ಚಳಿಗಾಲ ಕಳೆದು ಮುಂದಿನ ವರ್ಷ ಚಿಗುರುತ್ತದೆ. ಮದ್ದಿಗೆ ಅಂತ ಅಗೆದರೆ ಎರಡೂ ಹೋಯಿತು. ಬೀಜ ಬಲಿಯುವ ಮೊದಲೇ ಕಿತ್ತರೆ ವಂಶವೇ ಹೋಯಿತು. ಗಡ್ಡೆ ಕಿರುಬೆರಳಷ್ಟು ಇರುತ್ತದೆ. ಒಂದು ಕಿಲೋ ಒಣ ಬೇರಿಗೆ ನೂರಾರು ಗಿಡ ಬೇಕು. ಕಿಲೋಗೆ ಸಾವಿರಾರು ರೂಪಾಯಿ ಬೆಲೆ. ಇನ್ನು ಕಾಡಿನಲ್ಲಿ ಉಳಿಯುವುದು ಹೇಗೆ? ಅಳಿದು ಹೋಗಬಹುದಾದ ಗಿಡಗಳ ಪಟ್ಟಿಯಲ್ಲಿ ಇದರ ಹೆಸರು ಸೇರಿದೆ.

ಅದಕ್ಕೇ ಈಗ ಹೊಲದಲ್ಲಿ ಬೆಳೆಸುತ್ತಿದ್ದಾರೆ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಮೇಲಿನ ಹಳ್ಳಿಗಳಲ್ಲಿ ಹಾಕುತ್ತಾರೆ. 1974ರಲ್ಲಿ ಗೌರಾದೇವಿ ಮತ್ತು ಅವರ ಊರಿನ ಹೆಂಗಸರು ಮರ ಕಡಿಯದಂತೆ ಅಡ್ಡ ನಿಂತರಲ್ಲ, ಅದೇ ಜಿಲ್ಲೆ.

ಬೀಜ ಸಣ್ಣದು. ಎಲ್ಲ ಬೀಜವೂ ಮೊಳೆಯೋದಿಲ್ಲ. ಹಿಮ ಬೀಳುವ ಮೊದಲು ಮಡಿಯಲ್ಲಿ ಚೆಲ್ಲಿ, ಮೇಲೆ ತೆಳುವಾಗಿ ಎಲೆಗೊಬ್ಬರ ಹಾಕುತ್ತಾರೆ. ಚಳಿ ತಗುಲಿದರೇನೇ ಬೀಜ ಏಳುವುದು. ಹಿಮ ಕರಗಿದ ಮೇಲೆ ಮೊಳಕೆ ಬರುತ್ತದೆ. ಸಸಿ ಬಲಿತ ಮೇಲೆ ಸುಮಾರು ಒಂದು ಅಡಿ ಬಿಟ್ಟು ನೆಡುತ್ತಾರೆ. ಗಡ್ಡೆ ನೆಟ್ಟರೂ ಬರುತ್ತದೆ. ಮಣ್ಣು ಸಡಿಲ ಇರಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಕಳೆ ಕೀಳುತ್ತಾ ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟು ದಿನ ಕೈಗೆ ಕಾಸು ಬರೋದಿಲ್ಲ. ಆದ್ದರಿಂದ ಹೊಲವೆಲ್ಲ ಇದನ್ನೇ ಹಾಕುವುದು ಜಾಣತನ ಅಲ್ಲ. ಬೀಜ ಬಲಿತ ಮೇಲೆ ಅದನ್ನು ಮೊದಲು ತೆಗೆದಿಟ್ಟುಕೊಂಡು, ಆಮೇಲೆ ಗಡ್ಡೆ ಅಗೆದು, ತೊಳೆದು, ನೆರಳಲ್ಲಿ ಒಣಗಿಸುತ್ತಾರೆ.

ನಮ್ಮಲ್ಲಿ ಬೆಳೆಯಬಹುದಾ? ಆಗೋದಿಲ್ಲ. ಅದಕ್ಕೆ 2,400 ಮೀಟರಿಗಿಂತ ಎತ್ತರದ ಜಾಗ ಬೇಕು, ಹಿಮ ಬೇಕು. ನಮ್ಮ ಮುಳ್ಳಯ್ಯನಗಿರಿ ಕೂಡ 2,000 ಮೀಟರ್ ಮುಟ್ಟೋದಿಲ್ಲ. ಯಾರಾದರೂ ಸಸಿ ಕೊಡ್ತೀನಿ, ಲಕ್ಷ ಲಕ್ಷ ಬರುತ್ತೆ ಅಂದರೆ ದುಡ್ಡು ಕೊಡಬೇಡಿ.

ಆದರೆ ಒಂದು ಸಮಾಧಾನ ಇದೆ. ಅತಿವಿಷ ಸಿಗದಿದ್ದರೆ ಕೊನ್ನಾರಿ ಗಡ್ಡೆ ಬಳಸಬಹುದು ಅಂತ ಆಯುರ್ವೇದದ ಹಳೆಯ ಗ್ರಂಥದಲ್ಲೇ ಇದೆ. ಕೊನ್ನಾರಿ ನಿಮಗೆ ಗೊತ್ತೇ ಇದೆ. ಎಷ್ಟು ಕಿತ್ತರೂ ಹೊಲದಲ್ಲಿ ಮತ್ತೆ ಮತ್ತೆ ಏಳುತ್ತದಲ್ಲ, ಅದೇ ಕಳೆ. ಯಾವ ಕಾಯಿಲೆಗೆ, ಎಷ್ಟು ಅನ್ನೋದನ್ನು ಮಾತ್ರ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.