ನಾಳೆಯ ಯಂತ್ರಕ್ಕೆ ಇಂದೇ ಜಾಗ



ಹಾವೇರಿಯಿಂದ ರೈಲಿನಲ್ಲಿ ಬೆಂಗಳೂರಿನತ್ತ ಹೊರಟರೆ ಮೊದಲು ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಇಂಥ ಊರಿನಲ್ಲಿ ನೀವು ಖಾರದಪುಡಿಯ ಕಾರ್ಖಾನೆ ಕಟ್ಟಬೇಕಾಗಿದೆ ಎಂದು ಭಾವಿಸಿ. ಯಂತ್ರಗಳನ್ನು ಎಲ್ಲಿಡುತ್ತೀರಿ?

ಮೊದಲು ಕಾಯಿ ಸಾಗುವ ದಾರಿಯನ್ನು ಬರೆಯಿರಿ: ಒಣಗಿಸುವುದು, ತೊಟ್ಟು ಬಿಡಿಸುವುದು, ಪುಡಿ ಮಾಡುವುದು, ಜರಡಿ ಹಿಡಿಯುವುದು, ಚೀಲ ತುಂಬುವುದು. ದಾರಿ ಹಿಂದಕ್ಕೆ ತಿರುಗಿದರೆ ಹಮಾಲರ ಹೆಗಲಿಗೆ ದಿನವೂ ಶಿಕ್ಷೆ. ಯಂತ್ರಗಳ ಅಳತೆಗೆ ತಕ್ಕಂತೆ ರಟ್ಟಿನ ತುಂಡು ಕತ್ತರಿಸಿ, ಗ್ರಾಫ್ ಹಾಳೆಯ ಮೇಲೆ ಸರಿಸಿ ನೋಡಿ. ಬೆಲ್ಟು ಬದಲಿಸುವವನು ಬಗ್ಗಲು, ಮೋಟಾರು ಬಿಚ್ಚಿ ಹೊರತರಲು ಸುತ್ತ ಜಾಗವಿರಲಿ. ನಾವು ಚಿತ್ರೀಕರಣಕ್ಕೆ ಹೋಗಿದ್ದ ಗಿರಣಿಯೊಂದರಲ್ಲಿ ಹೊಸ ಯಂತ್ರ ಬಾಗಿಲಲ್ಲಿ ಹಿಡಿಸದೆ ಗೋಡೆ ಒಡೆಯುತ್ತಿದ್ದರು. (ಸೀನಿ ಸೀನಿ ನಮ್ಮ ಧ್ವನಿಮುದ್ರಣವೂ ಕೆಟ್ಟಿತು!)

ಇನ್ನು ಮುಂದಿನ ಮಾತು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ತೆಗೆಯುತ್ತಾರೆ; ಪುಡಿ ಗಿರಣಿಯವರು ಅದರತ್ತ ಕಣ್ಣಿಡುವುದು ಸಹಜ. ಆದರೆ ಅದಕ್ಕೆ ಬಳಸುವ ಹೆಕ್ಸೇನಿನಂಥ ದ್ರಾವಕ ಬೇಗ ಹೊತ್ತಿಕೊಳ್ಳುತ್ತದೆ. ಅದರ ಆವಿ ಗಾಳಿಗಿಂತ ಭಾರ. ನೆಲದಗುಂಟ ಹರಿದು ಗುಂಡಿ, ಚರಂಡಿಗಳಲ್ಲಿ ಕೂಡುತ್ತದೆ. ಆಚೆಯ ಮೋಟಾರಿನ ಒಂದು ಕಿಡಿ ಸಾಕು! ಆದ್ದರಿಂದ ಶೆಡ್ಡಿನ ಮೂಲೆಯಲ್ಲಿ ಉಳಿಸಿದ ಜಾಗ ಅದಕ್ಕಲ್ಲ. ಅದಕ್ಕೆ ದೂರದಲ್ಲಿ ಬೇರೆಯೇ ಕಟ್ಟಡ ಬೇಕು.

ಸದ್ಯಕ್ಕೆ ಆ ಬಯಲಿನಲ್ಲಿ ಕಾಯಿ ಒಣಗಿಸಿ. ಗೋದಾಮು ಮಾತ್ರ ಕಟ್ಟಬೇಡಿ. ಮುಂದೆ ಬಯಲು ಬೇಕಾದಾಗ, ಒಣಗಿಸುವ ಯಂತ್ರವನ್ನು ಶೆಡ್ಡಿನ ಮೊದಲ ತುದಿಯಲ್ಲಿ ಕೂರಿಸಬಹುದು. ನಿಮ್ಮ ರಟ್ಟಿನ ತುಂಡುಗಳಲ್ಲಿ ಅದಕ್ಕೂ ಒಂದನ್ನು ಈಗಲೇ ಕತ್ತರಿಸಿಡಿ.